ಹರಕೆ ಹೊರಿಸಿದವಳು

ಒಟಿಲಿಯಾ ಬರ್ರಗಾನ್‌ಗೆ ಅರವತ್ತೊಂದು ವರ್ಷ. ಹಗಲು ಪೋರ್ಟರ್ ರ್ಯಾಂಚ್ ಗುಡ್ಡದ ಮೇಲಿನ ಮನೆಗಳನ್ನು ಗುಡಿಸಿ ಒರೆಸುತ್ತಾಳೆ. ಸಂಜೆ ಗುಡ್ಡದ ಕೆಳಗೆ, ಪಕೋಯ್ಮಾದಲ್ಲಿ, ಸಾವಾದ ಮನೆಗಳಲ್ಲಿ ಜಪ ಹೇಳಿಸುತ್ತಾಳೆ. ಮೆಕ್ಸಿಕೋದಿಂದ ಬಂದ ಕ್ಯಾಥೊಲಿಕರಲ್ಲಿ ಮಣ್ಣು ಮಾಡಿದ ಮೇಲೆ ಒಂಬತ್ತು ಸಂಜೆ ಮನೆಯಲ್ಲಿ ಜಪಸರ ಹಿಡಿದು ಕೂರುವ ಪದ್ಧತಿಯಿದೆ. ಪಾದ್ರಿಯ ಕೆಲಸ ಸ್ಮಶಾನದಲ್ಲಿ ಮುಗಿಯುತ್ತದೆ. ಆ ಒಂಬತ್ತು ಸಂಜೆ ಹೆಂಗಸರದು. ೨೦೨೧ರ ಚಳಿಗಾಲದಲ್ಲಿ ಒಬ್ಬರ ಮನೆಗೊಬ್ಬರು ಹೋಗುವಂತಿಲ್ಲದೆ, ಪಾದ್ರಿ ವಿಡಿಯೊದಲ್ಲಿ ಮಾತ್ರ ಕಾಣುತ್ತಿದ್ದಾಗ, ಒಟಿಲಿಯಾ ತನ್ನ ಕಾರಿನಲ್ಲಿ ಕುಳಿತು ಫೋನಿನಲ್ಲೇ ಒಂದು ಸಂಜೆಗೆ ಮೂರು ಮನೆಗಳ ಜಪ ಹೇಳಿಸಿದ್ದುಂಟು. ಇದಕ್ಕೆ ನಿನಗೇನು ಅಧಿಕಾರ ಎಂದು ಆಗ ಯಾರೂ ಕೇಳಲಿಲ್ಲ.

೨೦೨೨ರ ಅಕ್ಟೋಬರಿನಲ್ಲಿ ಪಕ್ಕದ ಬೀದಿಯ ಅಂಪಾರೊ ತೀರಿಕೊಂಡಳು. ಐವತ್ತೆಂಟು ವರ್ಷ, ಮೆದುಳಿನಲ್ಲಿ ರಕ್ತಸ್ರಾವ. ಶವಪೆಟ್ಟಿಗೆಯ ಮುಂದೆ ನಿಂತ ಪಾದ್ರಿ, ಈಕೆ ಮೂವತ್ತೊಂದು ವರ್ಷ ಒಂದು ದೂರೂ ಇಲ್ಲದೆ ಸಂಸಾರ ಮಾಡಿದಳು, ಮಾತೆ ಮರಿಯಮ್ಮನಂತೆ ಎಲ್ಲವನ್ನೂ ಸಹಿಸಿದಳು ಎಂದರು. ಮೂರನೇ ಬೆಂಚಿನಲ್ಲಿದ್ದ ಒಟಿಲಿಯಾಳ ಕಿವಿ ಬಿಸಿಯಾಯಿತು. ಗಂಡ ಎಫ್ರಾಯಿನ್ ಹೊಡೆದು ಅಂಪಾರೊಳ ಮಣಿಕಟ್ಟು ಮುರಿದಾಗ ಅವಳನ್ನು ಇದೇ ಪಾದ್ರಿಯ ಆಫೀಸಿಗೆ ಕರೆದೊಯ್ದವಳು ತಾನೇ. ಅವನಿಗಾಗಿ ಪ್ರಾರ್ಥನೆ ಮಾಡಮ್ಮ ಎಂದು ಹೇಳಿ ಕಳಿಸಿದ್ದರು.

ಪಾದ್ರಿಯ ಮೇಲಿನ ಸಿಟ್ಟನ್ನಾದರೂ ಹೇಗೋ ನುಂಗಬಹುದಿತ್ತು. ಅಂದು ಆಫೀಸಿನ ಹೊರಗೆ, "ಗ್ವಾಡಲೂಪೆ ಮಾತೆ ಮರಿಯಮ್ಮನಿಗೆ ಹರಕೆ ಹೊತ್ಕೋ. ಒಂಬತ್ತು ಶುಕ್ರವಾರ ಚರ್ಚ್ ಬಾಗಿಲಿಂದ ಪಟದ ತನಕ ಮಂಡಿಯಲ್ಲಿ ಹೋಗು. ಕುಡಿತ ಬಿಡ್ತಾನೆ" ಎಂದವಳು ಒಟಿಲಿಯಾ. ಒಂಬತ್ತೂ ಶುಕ್ರವಾರ ಜೊತೆಗೆ ಹೋಗಿದ್ದಳು. ಅಂಪಾರೊಳ ಮಂಡಿಯ ಮುಂದೆ ಕಂಬಳಿ ಹಾಸುವುದು, ಅವಳು ದಾಟಿದ ಮೇಲೆ ಎಳೆದು ಮತ್ತೆ ಮುಂದೆ ಹಾಸುವುದು. ಎಫ್ರಾಯಿನ್ ಕುಡಿತವನ್ನೂ ಬಿಡಲಿಲ್ಲ, ಹೊಡೆತವನ್ನೂ ಬಿಡಲಿಲ್ಲ. ಅಂಪಾರೊಳ ಮಂಡಿಗಳು ಮಾತ್ರ ಮೆಟ್ಟಿಲು ಹತ್ತಲಾರದಂತಾದವು.

ಅಂಪಾರೊಳ ಮನೆಯಲ್ಲಿ ಎಂಟನೆಯ ಸಂಜೆಯ ಜಪ ಮುಗಿದು, ಬಂದವರಿಗೆ ಕಾಫಿ, ಬ್ರೆಡ್ ಕೊಡುತ್ತಿದ್ದಾಗ, ಅವಳ ಮಗಳು ಮರಿಕ್ರುಜ್ ಒಟಿಲಿಯಾಳನ್ನು ಅಡುಗೆಮನೆಗೆ ಕರೆದಳು. ಇಪ್ಪತ್ತೊಂಬತ್ತು ವರ್ಷದವಳು. ಸೊಂಟದ ಮೇಲೆ ಒಂದು ಮಗು.

"ದೋನ್ಯಾ ಒಟಿ" ಎಂದು ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ ಕರೆದಳು. "ಅಮ್ಮ ಯಾವ ಹರಕೆ ಹೊತ್ತಿದ್ರು? ನಂಗೂ ಹೇಳಿಕೊಡಿ."

"ನಿಂಗ್ಯಾಕೆ?"

ಮರಿಕ್ರುಜ್ ಅಂಗಿಯ ತೋಳು ಮೇಲೇರಿಸಿದಳು. ಗಂಡ ರೂಬೆನ್‌ನ ನಾಲ್ಕು ಬೆರಳುಗಳ ಗುರುತು ಎಣಿಸುವಷ್ಟು ಸ್ಪಷ್ಟವಾಗಿತ್ತು.

"ಫಾದರ್ ಹತ್ರ ಹೋಗಿದ್ದೆ. ನಿಮ್ಮಮ್ಮನ್ನ ನೋಡಿ ಕಲಿ ಅಂದ್ರು."

"ನಾಳೆ ಹೇಳ್ತೀನಿ" ಎಂದಳು ಒಟಿಲಿಯಾ.

ಮರುದಿನ ಬೆಳಿಗ್ಗೆ ಅವಳು ಪೋರ್ಟರ್ ರ್ಯಾಂಚ್‌ನಲ್ಲಿ ಸಿಂಧೂರ ಎಂಬ ಬೆಂಗಳೂರಿನ ಇಂಜಿನಿಯರ್ ಮನೆಯಲ್ಲಿದ್ದಳು. ಲ್ಯಾಪ್‌ಟಾಪ್ ಹಿಡಿದುಕೊಂಡೇ ಸಿಂಧೂರ ದೇವರಕೋಣೆಯ ಹೊರಗೆ ನಿಂತು ಹೇಳಿದಳು: "ಒಳಗೆ ನೀವೇ ಒರೆಸಿಬಿಡಿ. ಮೂರು ದಿನ ನಾನು ಹೋಗೋ ಹಾಗಿಲ್ಲ."

"ಯಾರಂದ್ರು? ನಿಮ್ಮ ಪೂಜಾರಿನಾ?"

"ನಮ್ಮತ್ತೆ."

"ಅವರು ಇಲ್ಲಿದ್ದಾರಾ?"

"ಮೈಸೂರಲ್ಲಿ" ಎಂದು ಸಿಂಧೂರ ನಕ್ಕುಬಿಟ್ಟಳು.

ಒಟಿಲಿಯಾ ನಗಲಿಲ್ಲ. ದೇವರ ಮಣೆ ಒರೆಸುತ್ತ ಆಕೆಗೆ, ಆ ವರ್ಷವೇ ಸ್ಯಾನ್ ಡಿಯಾಗೊದಲ್ಲಿ ಎರಡು ದಿನ ನಡೆದ ಹೆಂಗಸರ ಧರ್ಮಶಿಬಿರ ನೆನಪಾಯಿತು. ಅಲ್ಲಿ ಒಬ್ಬ ಸಿಸ್ಟರ್, ನಿಮ್ಮ ಸಹನೆಯಿಂದ ಸುಖಪಡುವವರು ಯಾರು, ದೇವರೋ ನಿಮ್ಮ ಗಂಡನೋ ಎಂದು ಕೇಳಿದ್ದರು. ಗಂಡನಿಲ್ಲದವಳಿಗೆ ಹೇಳುವುದು ಸುಲಭ ಎಂದುಕೊಂಡು ಒಟಿಲಿಯಾ ಊಟ ಮಾಡಿ ಬಸ್ಸು ಹತ್ತಿದ್ದಳು. ಈಗ ಆ ಪ್ರಶ್ನೆ ಬಿಡುತ್ತಿರಲಿಲ್ಲ. ಅಂಪಾರೊಳನ್ನು ಮನೆಗೆ ವಾಪಸು ಕಳಿಸಿದ್ದು ಪಾದ್ರಿ. ಕಂಬಳಿ ಹಾಸಿದ್ದು ತಾನು.

ಒಂಬತ್ತನೆಯ ಸಂಜೆ ಹಾಲ್ ತುಂಬಿತ್ತು. ಸೋಫಾದಲ್ಲಿ ಎಫ್ರಾಯಿನ್, ಪಕ್ಕದಲ್ಲಿ ಅಳಿಯ ರೂಬೆನ್. ಕೊನೆಯ ಸಂಜೆ ಜಪ ಹೇಳಿಸುವವಳು ಸತ್ತವರ ಪರವಾಗಿ ಎಲ್ಲರ ಕ್ಷಮೆ ಕೇಳಬೇಕು. ಈಕೆ ಯಾರಿಗಾದರೂ ನೋವು ಮಾಡಿದ್ದರೆ ಮನ್ನಿಸಿಬಿಡಿ ಎನ್ನಬೇಕು. ಮನ್ನಿಸಿದೆವು ಎಂದು ಎಲ್ಲರೂ ಹೇಳಬೇಕು. ಆ ಮಾತು ಬರುವ ಜಾಗದಲ್ಲಿ ಒಟಿಲಿಯಾ ನಿಂತಳು.

"ಅಂಪಾರೊ ಪರವಾಗಿ ಕ್ಷಮೆ ನಾನು ಕೇಳಲ್ಲ" ಎಂದಳು. "ಅವಳು ಯಾರಿಗೂ ಏನೂ ಮಾಡಿಲ್ಲ. ಅವಳ ಹತ್ರ ನಾವು ಕೇಳಬೇಕು. ಮೊದಲು ನಾನು. ಹೊಡೆಯೋ ಗಂಡನ ಮನೇಲಿ ಅವಳನ್ನ ಉಳಿಸೋಕೆ ಹರಕೆ ಹೊರಿಸಿದೆ. ದೇವರ ಹೆಸರಲ್ಲಿ ಹೊರಿಸಿದೆ."

"ಜಪ ಹೇಳಮ್ಮ" ಎಂದ ಎಫ್ರಾಯಿನ್. "ಪ್ರವಚನಕ್ಕೆ ಫಾದರ್ ಇದ್ದಾರೆ."

"ಇದ್ದರಲ್ಲ, ಹೇಳಿದ್ರಲ್ಲ. ದೂರೇ ಇರಲಿಲ್ಲವಂತೆ. ನೀನೂ ತಲೆ ಆಡಿಸಿದೆ."

"ನಾಳೆನೇ ಹೇಳ್ತೀನಿ ಅವರಿಗೆ. ಇನ್ನು ಒಂದು ಮನೆಗೂ ನಿನ್ನ ಕರೆಯಲ್ಲ."

"ಹೇಳು." ಒಟಿಲಿಯಾ ಅವನ ಕಡೆ ಬೆನ್ನು ಮಾಡಿದಳು. "ಮರಿಕ್ರುಜ್, ಹರಕೆ ಕೇಳಿದ್ಯಲ್ಲ? ಹರಕೆಗಿರಕೆ ಏನೂ ಇಲ್ಲ. ಮಗು ಎತ್ಕೊಂಡು ನಮ್ಮನೆಗೆ ಬಾ."

ಮೂವರು ಹೆಂಗಸರು ಪರ್ಸ್ ತೆಗೆದುಕೊಂಡು ಹೊರಟೇಹೋದರು. ಉಳಿದವರು ಕದಲಲಿಲ್ಲ. ಮರಿಕ್ರುಜ್ ಕಾಫಿ ಜಗ್ ಕೆಳಗಿಟ್ಟು, "ಮಗು ಕೂರಿಸೋ ಕಾರ್ ಸೀಟು ರೂಬೆನ್ ಟ್ರಕ್ಕಲ್ಲಿದೆ. ಅದಿಲ್ದೆ ಕಾರಲ್ಲಿ ಕರ್ಕೊಂಡು ಹೋಗೋ ಹಾಗಿಲ್ಲ" ಎಂದಳು, ಅದೊಂದೇ ಅಡ್ಡಿ ಎಂಬಂತೆ.

ಒಟಿಲಿಯಾ ರೂಬೆನ್‌ನ ಮುಂದೆ ಹೋಗಿ ಟ್ರಕ್ಕಿನ ಕೀಲಿಗೆ ಕೈ ಚಾಚಿದಳು. ಅವನು ಮಾವನ ಮುಖ ನೋಡಿದ. ಮಾವ ನೆಲ ನೋಡುತ್ತಿದ್ದ. ಅಷ್ಟರಲ್ಲಿ ಕಿಟಕಿಯ ಬಳಿಯಿದ್ದ ಮುದುಕಿಯೊಬ್ಬಳು ಎದ್ದು ನಿಂತಳು, ಆಮೇಲೆ ಅವಳ ಸೊಸೆ, ಆಮೇಲೆ ಹಾಲ್‌ನಲ್ಲಿದ್ದ ಹೆಂಗಸರೆಲ್ಲ. ರೂಬೆನ್ ಕೀಲಿ ಕೊಟ್ಟ.

ಒಟಿಲಿಯಾಳ ಕಾರಿನಲ್ಲಿ ಕೂತ ಮೇಲೆ ಮರಿಕ್ರುಜ್ ಕೇಳಿದಳು: "ಭಾನುವಾರ ಫಾದರ್‌ಗೆ ಏನಂತ ಹೇಳ್ಲಿ?"

"ಹೇಳೋದು ನಾನು. ನೀನು ಬೆಲ್ಟ್ ಹಾಕ್ಕೋ."