ಹೆಸರು ಹಿಡಿದು ಕರೆಯುವುದು

ಬಸ್ಸಿನ ಹಾರನ್ನಿಗೆ ಹೆದರಿ ಪಾಪು ರಸ್ತೆಯಲ್ಲೇ ಕುಳಿತುಬಿಡಬಹುದಿತ್ತು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಕೈ ಬಿಡಿಸಿಕೊಂಡು ಓಡಬಹುದಿತ್ತು. ಕಿಟಕಿ ಪಕ್ಕದ ಸೀಟು ಸಿಗದಿರಬಹುದಿತ್ತು. ಸಿಕ್ಕರೂ ಕಿಟಕಿ ತೆರೆಯದಿರಬಹುದಿತ್ತು. ಫೈಲು ಮನೆಯಲ್ಲೇ ಉಳಿಯಬಹುದಿತ್ತು. ಅದಕ್ಕೇ ಮಳವಳ್ಳಿ ದಾಟುವುದರೊಳಗೆ ಚೀಲವನ್ನು ನಾಲ್ಕು ಸಲ ಬಿಚ್ಚಿ ನೋಡಿದೆ. ಇವತ್ತು ಅವ್ವ, ಹೆಂಡತಿಯೊಂದಿಗೆ ಮಗಳನ್ನು ಮಂಡ್ಯದ ಕ್ಲಿನಿಕ್ಕಿನಲ್ಲಿ ತೋರಿಸಲು ಹೊರಟಾಗ ನನ್ನ ತಲೆಯಲ್ಲಿದ್ದ ಪಟ್ಟಿ ಇದು. ನಿಮಗೆ ನಗು ಬರಬಹುದು. ಹೆಂಡತಿಗೆ ಈಗೀಗ ಅದೂ ಬರುವುದಿಲ್ಲ.

ಆಟಿಸಂ ಎಂಬ ಮಾತನ್ನು ನಾವು ಮೊದಲು ಕೇಳಿದ್ದು ಎರಡು ವರ್ಷದ ಹಿಂದೆ, ಅದೇ ಕ್ಲಿನಿಕ್ಕಿನಲ್ಲಿ. ಪಾಪುವಿಗೆ ಆಗ ನಾಲ್ಕು. ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುತ್ತ ಕುಳಿತಿದ್ದಳು. ಮಾತು ಕಲಿಸುವ ಮೇಡಂ ಅವಳ ಹಿಂದೆ ನಿಂತು, ಫೈಲು ನೋಡಿ, “ಗೌರಮ್ಮ” ಎಂದು ಕರೆದರು. ಪಾಪು ತಿರುಗಲಿಲ್ಲ. ಮೂಲೆಯಲ್ಲಿದ್ದ ನನ್ನ ಅವ್ವ, “ಏನವ್ವಾ?” ಎಂದಳು.

ನಮ್ಮ ಮನೆಗಳಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುತ್ತೇವೆ; ಇಟ್ಟಮೇಲೆ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಸೊಸೆ ಅತ್ತೆಯ ಹೆಸರು ಹಿಡಿದು ಕೂಗುವುದುಂಟೇ? ಮನೆಯಲ್ಲಿ ಬರೀ ಪಾಪು ಆಗಿದ್ದ ಮಗಳು ತನ್ನ ಹೆಸರನ್ನು ಕೇಳಿಯೇ ಇರಲಿಲ್ಲ. ನನಗೆ ಆಸೆ ಚಿಗುರಿತು. “ಹಾಗಾದ್ರೆ ಏನೂ ಇಲ್ಲ ಅಲ್ವಾ ಮೇಡಂ?” ಎಂದೆ. ಅವರು “ಪಾಪು” ಎಂದೂ ಕರೆದು ನೋಡಿದರು. ತಿರುಗಲಿಲ್ಲ. ಆಟಿಸಂ ಇತ್ತು, ಈಗಲೂ ಇದೆ.

“ನಾಳೆ ರಸ್ತೆಗೆ ಓಡಿದ್ರೆ ಏನಂತ ಕೂಗಿ ನಿಲ್ಲಿಸ್ತೀರ? ಪಾಪು ಅಂದ್ರೆ ಯಾವ ಮಗುವಾದ್ರೂ ಆಗ್ಬಹುದು. ಮನೇಲಿ ಎಲ್ರೂ ಗೌರಮ್ಮ ಅಂತಲೇ ಕರೀರಿ. ತಿರುಗಿದ ತಕ್ಷಣ ಅವಳಿಗೆ ಇಷ್ಟವಾದ್ದು ಕೊಡಿ,” ಎಂದರು ಮೇಡಂ. ಆ ಪ್ರಶ್ನೆ ನನ್ನೊಳಗೆ ಕುಳಿತುಬಿಟ್ಟಿತು. ನಮ್ಮ ಬಾಗಿಲು ತೆರೆಯುವುದೇ ಬಸ್ಸು ಓಡಾಡುವ ರಸ್ತೆಗೆ.

ಹೆಂಡತಿ ಅತ್ತೆಯ ಮುಖ ನೋಡಿದಳು.

“ಕರಿ ಕಣಮ್ಮಿ. ಕೂಗುದ್ರೆ ನನ್ನೆಸ್ರು ಸವದೋಯ್ತದಾ?” ಎಂದಳು ಅವ್ವ.

ಮಾರನೆಯ ದಿನ “ಗೌರಮ್ಮಾ, ಬಾ ಇಲ್ಲಿ” ಎಂಬ ಹೆಂಡತಿಯ ಕೂಗಿಗೆ, ಅತ್ತೆ ಸೊಸೆ ಜಗಳವೆಂದುಕೊಂಡು ಪಕ್ಕದ ಮನೆಯವರು ಬಾಗಿಲಿಗೇ ಬಂದರು. ಪಾಪು ಮಾತ್ರ ತಿಂಗಳುಗಟ್ಟಲೆ ಕತ್ತು ಎತ್ತಲಿಲ್ಲ. ಅವ್ವ ಕಡ್ಲೆಪಪ್ಪು ಹಿಡಿದು ದಿನವೂ ತನ್ನ ಹೆಸರನ್ನು ತಾನೇ ಕೂಗುತ್ತ ಕುಳಿತಳು.

ಇವತ್ತು ಪಟ್ಟಿಯಲ್ಲಿದ್ದ ಯಾವುದೂ ನಡೆಯಲಿಲ್ಲ. ಮೇಡಂ ಕರೆದರು, ಮಗಳು ಬಿಲ್ಲೆ ಬಿಟ್ಟು ತಿರುಗಿದಳು. ಹೆಂಡತಿ ಕರೆದಳು, ಮಗಳು ಅವಳತ್ತ ತಿರುಗಿ, ಒಂದು ಉಸಿರಿನಷ್ಟು ಹೊತ್ತು ನೋಡಿದಳು. ಹೆಂಡತಿ, ಸೆಕೆ ಸೆಕೆ ಎನ್ನುತ್ತ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಈಗ ಅಪ್ಪ ಕರೀಲಿ,” ಎಂದರು ಮೇಡಂ.

ನಾನು ಬಾಯಿ ತೆರೆದೆ. ಅವ್ವ ಎದುರಿಗೇ ಕುಳಿತಿದ್ದಳು. ಎರಡು ವರ್ಷ ಮನೆಯವರಿಗೆಲ್ಲ “ಕರೆದ್ರಾ, ಕರೆದ್ರಾ” ಎಂದು ನೆನಪಿಸುತ್ತ ಓಡಾಡಿದ ನಾನು ಒಮ್ಮೆಯೂ ಆ ಹೆಸರಿನಿಂದ ಕರೆದಿಲ್ಲವೆಂಬುದು ಆಗ ಹೊಳೆಯಿತು. “ಗೌ...” ಎಂದವನು ಮತ್ತೆ ಚೀಲ ಬಿಚ್ಚತೊಡಗಿದೆ.

“ನಾಲ್ಗೆ ಬಿದ್ದೋಯ್ತದೇನ್ಲಾ? ನನ್ನೆಸ್ರು ತಾನೆ, ಕರ್ದುಬುಡ್ಲಾ,” ಎಂದಳು ಅವ್ವ.

ಮೇಡಂ ನಗದೆ ಫೈಲಿನಲ್ಲಿ ಬರೆದರು: “ಮಗು ಹೆಸರಿಗೆ ತಿರುಗುತ್ತದೆ. ತಂದೆಗೆ ಅಭ್ಯಾಸ ಬೇಕು.”