ಮರೀನ್ ಡ್ರೈವಿನಲ್ಲಿ ಕರಗಿದ ಅಡ್ಡಿಕೆ

ಐವತ್ತೆರಡು ತುಂಬಿದರೂ ಸುಬ್ರಹ್ಮಣ್ಯಾಚಾರಿ ಸಮುದ್ರ ನೋಡಿರಲಿಲ್ಲ. ಚಿನಕುರಳಿಯ ಮನೆಯ ಪಡಸಾಲೆಯಲ್ಲಿ ಕೂತು ಊದುಗೊಳವೆ ಊದುತ್ತಾ ಅವನ ಅರ್ಧ ಆಯಸ್ಸು ಕಳೆದಿತ್ತು. ಊರಿನ ಹೆಣ್ಣುಮಕ್ಕಳ ಓಲೆ, ಮೂಗುಬೊಟ್ಟು, ತಾಳಿ ಎಲ್ಲ ಅವನ ಕೈಯಲ್ಲೇ ಆಗುತ್ತಿದ್ದ ಕಾಲ ಒಂದಿತ್ತು. ಆಮೇಲೆ ಜನ ಮೈಸೂರಿನ ದೊಡ್ಡ ಅಂಗಡಿಗಳಿಗೆ ಹೋಗತೊಡಗಿದರು. ಉಳಿದದ್ದು ಕಿತ್ತುಹೋದ ಕೊಂಡಿ ಬೆಸೆಯುವ ಕೆಲಸ, ಮತ್ತು ಪಾಂಡವಪುರದ ಒಂದು ಸಹಕಾರ ಸಂಘದಲ್ಲಿ ವಾರಕ್ಕೆ ಮೂರು ದಿನ ಕೂತು, ಸಾಲಕ್ಕಾಗಿ ಅಡವಿಡಲು ತಂದ ಒಡವೆಗಳನ್ನು ಒರೆಗೆ ಹಚ್ಚಿ ಇದು ಚೊಕ್ಕ, ಇದು ಬೆರಕೆ ಎಂದು ಹೇಳುವ ಕೆಲಸ. ಅವನು ಹೇಳಿದ ಮೇಲೆ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಆ ಸಂಘದ ನಿರ್ದೇಶಕರಲ್ಲಿ ಒಬ್ಬ ನಿಂಗರಾಜು. ಒಂದನೇ ಕ್ಲಾಸಿನಿಂದ ಸುಬ್ರಹ್ಮಣ್ಯನ ಜೊತೆಗಾರ. ಗದ್ದೆ, ಕಬ್ಬು, ಹನ್ನೆರಡು ಸೀಮೆಹಸು ಇದ್ದ ಅನುಕೂಲಸ್ಥ. ಅವನ ಮಗಳು ತನುಶ್ರೀಗೆ ನಾಗಮಂಗಲದ ಕಡೆ ಗಂಡು ಗೊತ್ತಾಗಿತ್ತು. ಒಂದು ಸಂಜೆ ಅವನು ಆಚಾರ್ರ ಬೀದಿಗೆ ಬಂದು, ಜಗಲಿಯ ಮೇಲೆ ಕೂತು ಹೇಳಿದ:

"ಶನಿವಾರ ಭಾನುವಾರ ಕೊಚ್ಚಿಗೆ ಹೋಗ್ಬರವಾ ಬಾರ್ಲಾ ಸುಬ್ಬ. ಮಗೀಗೆ ಒಡವೆ ತರ್ಬೇಕು."

"ಅಷ್ಟು ದೂರ ಯಾಕ್ಲಾ? ಮೈಸೂರಲ್ಲಿ ಸಿಗಾಕಿಲ್ವಾ?"

"ಗಂಡಿನ ಕಡೆಯೋರು ಅಲ್ಲೇ ತಗಂಡವ್ರೆ. ಇವಳ್ಗೂ ಅದೇ ನಮೂನೇದು ಬೇಕಂತೆ. ನೀರಿನ ದಡದಲ್ಲೇ ಅಂಗಡಿ ಬೀದಿ ಅದಂತೆ ಕಣ್ಲಾ. ನೀನೂ ಸಮುದ್ರ ನೋಡ್ದಂಗಾಯ್ತದೆ. ನೀನ್ ಪಕ್ಕದಲ್ಲಿದ್ರೆ ನನ್ನ ಯಾರೂ ಯಾಮಾರ್ಸಕ್ಕಾಗಾಕಿಲ್ಲ."

ತನುಶ್ರೀ ಹುಟ್ಟಿದಾಗ ಅವಳ ಕಿವಿ ಚುಚ್ಚಿದವನು ಸುಬ್ರಹ್ಮಣ್ಯ. ಅವಳ ಮದುವೆಯ ಒಂದು ಸರವಾದರೂ ತನ್ನ ಪಾಲಿಗೆ ಬಂದೀತು ಎಂದು ಅವನು ಒಳಗೊಳಗೇ ಕಾದಿದ್ದ. ಅದು ಬರಲಿಲ್ಲ ಎಂಬ ನೋವಿಗಿಂತ, ಗೆಳೆಯ ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೋಗುತ್ತೇನೆ ಎಂದದ್ದು ಹೆಚ್ಚಾಯಿತು. ಹೆಂಡತಿ ಅವನ ಬಿಳಿ ಷರಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಳು.

ಶನಿವಾರ ಕೋಳಿ ಕೂಗುವ ಹೊತ್ತಿಗೆ ಹೊರಟರು. ಗುಂಡ್ಲುಪೇಟೆ ದಾಟಿ, ವಯನಾಡಿನ ಘಾಟಿ ಇಳಿದು, ದಾರಿಯಲ್ಲಿ ಪುಟ್ಟು ಕಡಲೆ ತಿಂದು, ನಿಂಗರಾಜು ಹಳೆಯ ಮೇಷ್ಟ್ರುಗಳನ್ನು ಅಣಕಿಸುತ್ತಾ ಕಾರು ಓಡಿಸಿದ. ಸುಬ್ರಹ್ಮಣ್ಯ ಅಷ್ಟು ನಕ್ಕು ಎಷ್ಟೋ ವರ್ಷವಾಗಿತ್ತು. ನಾಲ್ಕು ಗಂಟೆಗೆ ಎರ್ನಾಕುಲಂ ಸೇರಿ, ಲಾಡ್ಜಿನಲ್ಲಿ ಮುಖ ತೊಳೆದು ಮರೀನ್ ಡ್ರೈವಿಗೆ ಬಂದರು. ಒಂದು ಕಡೆ ಹಿನ್ನೀರು, ಅದರ ಅಂಚಿಗೆ ನಡೆದಾಡಲು ಉದ್ದನೆಯ ಕಟ್ಟೆ, ಕಮಾನಿನ ಸೇತುವೆ, ಜನ ತುಂಬಿಕೊಂಡು ಹೋಗುವ ದೋಣಿಗಳು. ಇನ್ನೊಂದು ಕಡೆ ಅಂಗಡಿಗಳೋ ಅಂಗಡಿಗಳು. ಬಟ್ಟೆ, ಚಪ್ಪಲಿ, ಹಲ್ವ, ಮೊಬೈಲು, ಚಿನ್ನ.

"ಇದು ಸಮುದ್ರ ಅಲ್ವಂತೆ, ಹಿನ್ನೀರಂತೆ," ಎಂದ ನಿಂಗರಾಜು. "ನಾಳೆ ದೋಣೀಲಿ ಆಚೆ ಕೋಟೆ ಕಡೀಕೆ ಹೋದ್ರೆ ಸಮುದ್ರ. ಬೆಳಿಗ್ಗೆ ಮೊದಲ್ನೇ ದೋಣಿಗೇ ಹೋಗವಾ."

ಅಂಗಡಿ ನಾಲ್ಕು ಅಂತಸ್ತಿನದು. ಒಳಗೆ ತಣ್ಣಗಿತ್ತು. ಕಾಸರಗೋಡಿನ ಕಡೆಯ, ಕನ್ನಡ ಬಲ್ಲ ಯುವಕನೊಬ್ಬ ಅವರನ್ನು ಕೂರಿಸಿ ಹಾರಗಳನ್ನು ಹರಡಿದ. ಸುಬ್ರಹ್ಮಣ್ಯ ಒಂದೊಂದನ್ನೂ ತಿರುಗಿಸಿ ನೋಡಿದ. ಯಂತ್ರದ ಕೆಲಸ, ಆದರೆ ಚೊಕ್ಕ ಕೆಲಸ. ಹೊಟ್ಟೆಕಿಚ್ಚು ಪಡಲೂ ಅವಕಾಶವಿರಲಿಲ್ಲ. "ಇದ ತಗೊ. ಕೊಂಡಿ ಗಟ್ಟಿಯಾಗಿ ಅದೆ," ಎಂದು ಒಂದನ್ನು ಎತ್ತಿಕೊಟ್ಟ.

ಆಗ ನಿಂಗರಾಜು ಕೈಚೀಲದಿಂದ ಒಂದು ಹಳೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. "ಹಳೇ ಚಿನ್ನ ತಂದಿವ್ನಿ. ಇದ ತಗಂಡು ಮಿಕ್ಕಿದ್ದು ಯೋಳಿ."

ಡಬ್ಬಿಯಲ್ಲಿದ್ದದ್ದು ಅವನ ತಾಯಿ ದೊಡ್ಡತಾಯಮ್ಮನ ಅಡ್ಡಿಕೆ. ಕೊರಳಿಗೆ ಅಪ್ಪಿ ಕೂರುವ, ನಡುವೆ ಕೆಂಪು ಕಲ್ಲಿನ ಪದಕವಿದ್ದ ಅಡ್ಡಿಕೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಸುಬ್ರಹ್ಮಣ್ಯ ಅದನ್ನು ಮಾಡಿದ್ದ. ಅದನ್ನು ಕಂಡದ್ದೇ ಅವನು ಡಬ್ಬಿಯ ಮೇಲೆ ಕೈಯಿಟ್ಟ.

"ಇದ್ಯಾಕ್ಲಾ ತಂದೆ? ಅವ್ವಂದು. ಮನೇಲಿ ಇರ್ಲಿ ಬುಡು."

"ಯಾರು ಹಾಕತಾರ್ಲಾ ಇದ್ನ ಈಗ? ಅವ್ವ ಹೋಗಿ ನಾಲ್ಕು ವರ್ಷಾಯ್ತು. ಮೊಮ್ಮಗಳ ಮೈಮೇಲೆ ಬಂದ್ರೆ ಅವಳ್ಗೂ ಸಂತೋಸನೇ."

"ಅಂಗಲ್ಲ. ಕರಗುಸ್ಬ್ಯಾಡ ಕಣ್ಲಾ. ನನ್ ಮಾತ ಕೇಳು."

ತಾನು ಮಾಡಿದ ಒಡವೆ ಎಂಬ ಮಮಕಾರ ಎಂದುಕೊಂಡು ನಿಂಗರಾಜು ಅವನ ಬೆನ್ನು ತಟ್ಟಿದ. ಯುವಕ ಅಡ್ಡಿಕೆಯ ಹಿಂಬದಿಯನ್ನು ಅರದಿಂದ ಸ್ವಲ್ಪ ಉಜ್ಜಿ ಯಂತ್ರದೊಳಗಿಟ್ಟ. ಪರದೆಯ ಮೇಲೆ ಅಂಕಿ ಬಂತು. ಅವನು ಇನ್ನೊಂದು ಜಾಗ ಉಜ್ಜಿ ಮತ್ತೆ ಇಟ್ಟ. ಅದೇ ಅಂಕಿ.

"ಸರ್, ಇದರಲ್ಲಿ ನೂರಕ್ಕೆ ಅರವತ್ತಾರು ಮಾತ್ರ ಚಿನ್ನ. ಹಳೇ ಒಡವೆ ಅಂದ್ರೂ ಇಷ್ಟು ಕಡಿಮೆ ಇರಲ್ಲ. ತಾಮ್ರ, ಬೆಳ್ಳಿ ಸೇರಿಸಿದ್ದಾರೆ. ಯಾರು ಮಾಡಿದ್ದು ಸರ್?"

ನಿಂಗರಾಜು ಸುಬ್ರಹ್ಮಣ್ಯನ ಕಡೆ ಒಂದು ಸಲ ನೋಡಿದ. ಆಮೇಲೆ, "ಕರಗ್ಸಿ," ಎಂದ. ಗಾಜಿನ ಆಚೆ ನೀಲಿ ಉರಿಯ ಕೆಳಗೆ ಕಲ್ಲು ಬಿಡಿಸಿದ ಅಡ್ಡಿಕೆ ಬಾಗಿತು, ಕುಸಿಯಿತು, ಒಂದು ಗುಂಡಾಯಿತು. ಸುಬ್ರಹ್ಮಣ್ಯ ನೆಲ ನೋಡುತ್ತಾ ಕೂತಿದ್ದ.

ಬೆರಕೆ ಮಾಡಿದ್ದು ಅವನೇ. ಆದರೆ ಕದ್ದಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ನಿಂಗರಾಜುವಿನ ಅಕ್ಕ ಸಾಕಮ್ಮ, ಬೇರೆ ಜಾತಿಯ ಬಸ್ ಕಂಡಕ್ಟರ್ ಕೃಷ್ಣನನ್ನು ಮದುವೆಯಾಗಿ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟ ಸೇರಿದಳು. ಅಪ್ಪ ಶಿವಣ್ಣ ಅವಳ ಹೆಸರನ್ನೇ ಮನೆಯಲ್ಲಿ ಎತ್ತದಂತೆ ಮಾಡಿದ. ಅರಿಸಿನದ ದಾರದಲ್ಲಿ ತಾಳಿ ಕಟ್ಟಿಕೊಂಡು ಮಗಳು ಬಾಳುತ್ತಿದ್ದಾಳೆಂಬ ಸುದ್ದಿ ತಾಯಿಯ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ದೊಡ್ಡತಾಯಮ್ಮ ತನ್ನ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಚಾರ್ರ ಬೀದಿಗೆ ಬಂದಳು. "ಮಗ, ಇದ್ರಲ್ಲಿ ನಂಗೊಂದು ಅಡ್ಡಿಕೆ ಮಾಡು. ಕಾಲ್ಭಾಗ ತೆಗ್ದು ಸಾಕಿಗೊಂದು ತಾಳಿಸರ ಮಾಡು. ಅವರಪ್ಪ ತಕ್ಕಡೀಲಿಟ್ಟು ತೂಗ್ತಾನೆ. ತೂಕ ಸರಿ ಬರ್ಬೇಕು. ಏನಾರ ಸೇರ್ಸು. ಯಾರ್ಗೂ ಯೋಳ್ಬ್ಯಾಡ. ನನ್ ಮಗನ್ಗೂ ಯೋಳ್ಬ್ಯಾಡ," ಎಂದು ಅವನ ಕೈಹಿಡಿದು ಅತ್ತಿದ್ದಳು. ಅವನು ಹಾಗೇ ಮಾಡಿದ. ಸರವನ್ನು ತಾನೇ ಸಿಂಧಘಟ್ಟಕ್ಕೆ ಹೋಗಿ ಕೊಟ್ಟು ಬಂದ. ಮುಂದೆ ಎಂಥ ಕಷ್ಟ ಬಂದರೂ ದೊಡ್ಡತಾಯಮ್ಮ ಆ ಅಡ್ಡಿಕೆಯನ್ನು ಅಡವಿಡಲು ಬಿಡಲಿಲ್ಲ. ಅವಳಿಗೆ ಒಡವೆಯ ಮೇಲೆ ಆಸೆ ಎಂದು ಮನೆಯವರು ತಿಳಿದಿದ್ದರು.

ಅಂಗಡಿಯಿಂದ ಹೊರಬಂದಾಗ ಹೊತ್ತು ಮುಳುಗುತ್ತಿತ್ತು. ಇಬ್ಬರೂ ನೀರಿನ ಕಟ್ಟೆಯ ಮೇಲೆ ಕೂತರು. ಸುತ್ತ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದರು. ಒಬ್ಬಳು ಮಲ್ಲಿಗೆ ಮಾರುತ್ತಾ ಅವರ ಮುಂದೆ ಎರಡು ಸಲ ಹಾದುಹೋದಳು. ಕೊನೆಗೆ ನಿಂಗರಾಜೇ ಮಾತೆತ್ತಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಆಗ ನಿಂಗೂ ಕಷ್ಟ ಇತ್ತು. ನಿಮ್ಮಪ್ಪ ಮಲಗಿದ್ದಲ್ಲೇ ಇದ್ದ. ನಂಗೆ ನೆಪ್ಪದೆ. ಬುಡು. ನಾ ಯಾರ್ಗೂ ಯೋಳಾಕಿಲ್ಲ."

ಬೈದಿದ್ದರೆ ಸುಬ್ರಹ್ಮಣ್ಯ ತಡೆದುಕೊಳ್ಳುತ್ತಿದ್ದನೋ ಏನೋ. ಈ ಕ್ಷಮೆ ಅವನಿಗೆ ತಡೆಯಲಾಗಲಿಲ್ಲ. ಅವನು ಎಲ್ಲವನ್ನೂ ಹೇಳಿಬಿಟ್ಟ. ಬಳೆ, ಸರ, ಸಾಕಮ್ಮ, ಅವ್ವ ಅತ್ತದ್ದು. ಹೇಳುತ್ತಾ ಹೇಳುತ್ತಾ, ಇಷ್ಟು ವರ್ಷ ಉಳಿಸಿಕೊಂಡು ಬಂದ ಮಾತನ್ನು ತಾನೀಗ ಮುರಿಯುತ್ತಿದ್ದೇನೆ ಎಂಬುದೂ ಅವನಿಗೆ ತಿಳಿಯುತ್ತಿತ್ತು.

ನಿಂಗರಾಜು ಎದ್ದು ನಿಂತ. "ತಪ್ಪು ಮಾಡ್ದೆ, ಸರಿ. ನಾ ಬುಟ್ಬುಟ್ಟೆ. ಈಗ ಸತ್ತೋರ ತಲೆಗೆ ಕಟ್ತೀಯೇನ್ಲಾ? ನಮ್ಮವ್ವ ನಮ್ಮಪ್ಪನ್ಗೆ ಮೋಸ ಮಾಡೋ ಹೆಂಗ್ಸಲ್ಲ."

"ನಿಮ್ಮಕ್ಕನ್ನ ಕೇಳ್ಲಾ."

"ನಡಿ," ಎಂದ ನಿಂಗರಾಜು.

ಮರುದಿನ ಅವರು ದೋಣಿಯ ಕಡೆ ಹೋಗಲಿಲ್ಲ. ಬೆಳಗಾಗುತ್ತಲೇ ಊರಿಗೆ ಹೊರಟರು. ಹನ್ನೊಂದು ಗಂಟೆಗಳ ದಾರಿಯಲ್ಲಿ ನಿಂಗರಾಜು ಆಡಿದ್ದು ಮೂರೇ ಮಾತು. ಕಾಫಿ ಕುಡೀತೀಯಾ, ಕಿಟಕಿ ಏರ್ಸು, ಇಳಿ.

ಯಾರಿಗೂ ಹೇಳುವುದಿಲ್ಲ ಎಂದ ನಿಂಗರಾಜು ಹೆಂಡತಿಗೆ ಹೇಳಿದ. ಹೆಂಡತಿ ಮನೆಯಲ್ಲಿ ಅಡ್ಡಿಕೆಗೆ ಎಷ್ಟು ಬಂತೆಂದು ಕೇಳಿದಾಗ ಹೇಳದೆ ಇರುವುದು ಹೇಗೆ? ಅವಳು ತಂಗಿಗೆ ಹೇಳಿದಳು. ಹದಿನೈದು ದಿನದಲ್ಲಿ ಮಾತು ಪಾಂಡವಪುರದವರೆಗೂ ಹೋಯಿತು. ಸಂಘದ ಕಾರ್ಯದರ್ಶಿ ಮಹದೇವಸ್ವಾಮಿ ಸುಬ್ರಹ್ಮಣ್ಯನನ್ನು ಕರೆದು, ಮುಖ ನೋಡದೆ, "ಇನ್ಮೇಲೆ ಮಿಷನ್ನು ತರಿಸ್ತಾವ್ರೆ ಆಚಾರ್ರೇ. ಬೇಕಾದಾಗ ಹೇಳಿ ಕಳಿಸ್ತೀವಿ," ಎಂದ. ಒರೆಗಲ್ಲನ್ನು ಚೀಲಕ್ಕೆ ಹಾಕಿಕೊಂಡು ಅವನು ಬಸ್ಸಿಗೆ ನಿಂತ. ಊರಿನಲ್ಲಿ, ಮೂವತ್ತು ವರ್ಷದ ಹಿಂದೆ ಮಾಡಿಸಿದ ಓಲೆಗಳನ್ನೂ ಹೆಂಗಸರು ಮೈಸೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಅವು ಸರಿಯಾಗಿದ್ದವು. ಸರಿಯಾಗಿದ್ದವೆಂದು ಯಾರೂ ಬಂದು ಅವನಿಗೆ ಹೇಳಲಿಲ್ಲ.

"ಸಾಕಮ್ಮನ ತಾವ ಹೋಗಿ. ಅವಳೊಬ್ಳು ಒಂದ್ ಮಾತು ಅಂದ್ರೆ ಸಾಕು," ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. ಕೊನೆಗೆ ಒಂದು ಸೋಮವಾರ ಅವನು ಸಿಂಧಘಟ್ಟಕ್ಕೆ ಹೋದ.

ಸಾಕಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅವನನ್ನು ಗುರುತು ಹಿಡಿದು, ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟಳು. ಅವನು ಬಂದ ವಿಷಯ ಹೇಳುವ ಮೊದಲೇ ಅವಳು ಗೋಡೆಯ ಗೂಡಿನಿಂದ ಒಂದು ಲಗ್ನಪತ್ರಿಕೆ ತಂದು ತೋರಿಸಿದಳು.

"ನೋಡಪ್ಪ ಸುಬ್ಬ, ನಿಂಗ ಬಂದು ಕೊಟ್ಟೋದ. ಈ ಬಾಗ್ಲಿಗೆ ಅವನು ಬಂದದ್ದು ಇದೇ ಮೊದ್ಲು. ಭಾವ ಇಲ್ದಿದ್ರೇನು, ಅತ್ತೆ ಮಾಡೋ ಶಾಸ್ತ್ರ ನೀನೇ ಮಾಡ್ಬೇಕಕ್ಕ ಅಂದ. ನಾ ಅಳ್ತಾ ಕೂತ್ಬುಟ್ಟೆ, ಅವನ್ಗೆ ಒಂದ್ಲೋಟ ಕಾಫಿ ಕೊಡೋದೂ ಮರ್ತೋಯ್ತು."

"ನಿನ್ನ ಏನಾರ ಕೇಳ್ದನಾ ಅಕ್ಕ? ಸರದ ವಿಷ್ಯ?"

ಅವಳ ಮುಖ ಬದಲಾಯಿತು. "ಕೇಳ್ದ. ಅವ್ವ ನಿಂಗೇನಾರ ಕೊಟ್ಟಿದ್ಲಾ ಅಂದ. ಏನೂ ಇಲ್ಲ ಅಂದ್ಬುಟ್ಟೆ." ಲಗ್ನಪತ್ರಿಕೆಯ ಅಂಚು ಸವರುತ್ತಾ, "ಯಾಕೆ ಕೇಳ್ತಾನೆ ಅಂತ ನಂಗೆ ಗೊತ್ತಾಗ್ನಿಲ್ಲ ಕಣಪ್ಪ. ಅವ್ವನ್ನ ಕಳ್ಳಿ ಅಂತ ಯೋಳಿ ಆ ಮನೆ ಹೊಸ್ಲು ಎಂಗೆ ತುಳೀಲಿ ಅನ್ನುಸ್ತು," ಎಂದಳು.

ಅವನು ಆಗ ನಡೆದದ್ದನ್ನು ಹೇಳಿದ. ಸಾಕಮ್ಮ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದಳು. ಆಮೇಲೆ ಎದ್ದು, ಪೆಟ್ಟಿಗೆಯಿಂದ ಸರ ತಂದು ಅವನ ಮುಂದಿಟ್ಟಳು. ಗಂಡ ಹೋದ ಮೇಲೆ ತೆಗೆದಿಟ್ಟ ಸರ. "ತಗಂಡೋಗಿ ತೋರ್ಸು. ನಿನ್ ಹೆಸ್ರು ಹಾಳಾಗೋದು ಬ್ಯಾಡ. ನಾ ಮದ್ವೆಗೆ ಹೋಗ್ದಿದ್ರೂ ಆಯ್ತದೆ." ಅಷ್ಟು ಹೇಳುವಾಗ ಅವಳು ಲಗ್ನಪತ್ರಿಕೆಯನ್ನು ಮಡಿಲಲ್ಲಿ ಹಿಡಿದುಕೊಂಡೇ ಇದ್ದಳು.

ಸುಬ್ರಹ್ಮಣ್ಯ ಸರವನ್ನು ಮುಟ್ಟಲಿಲ್ಲ. "ಇರ್ಲಿ ಅಕ್ಕ. ನೀನು ಹೋಗು," ಎಂದು ಎದ್ದ. ಬಸ್ಸು ಸಿಗುವವರೆಗೆ ಅರಳಿಕಟ್ಟೆಯ ಮೇಲೆ ಕೂತಿದ್ದ. ದೊಡ್ಡತನ ಮಾಡಿದೆ ಎಂಬ ಸಮಾಧಾನ ಬರಬಹುದೆಂದು ಕಾದ. ಬರಲಿಲ್ಲ. ಹೊಟ್ಟೆಯಲ್ಲಿ ಹಸಿವು ಮಾತ್ರ ಇತ್ತು. ಮನೆಗೆ ಬಂದು ಹೆಂಡತಿಗೆ, "ಮನೇಲಿರ್ನಿಲ್ಲ," ಎಂದ. ಅವಳು ನಂಬಲಿಲ್ಲ.

ಮದುವೆ ಪಾಂಡವಪುರದ ಛತ್ರದಲ್ಲಾಯಿತು. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಹೆಂಡತಿ ಹಟ ಮಾಡಿ ಹೊರಡಿಸಿದಳು. ಸಾಕಮ್ಮ ಹೊಸ ಸೀರೆಯುಟ್ಟು ಮಂಟಪದ ಪಕ್ಕದಲ್ಲಿ ನಿಂತಿದ್ದಳು. ಸುಬ್ರಹ್ಮಣ್ಯನ ಕಣ್ಣು ತಪ್ಪಿಸಿದಳು. ಅವನೂ ಹೆಂಡತಿಯೂ ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ನಿಂಗರಾಜು ಸಾಲಿನುದ್ದಕ್ಕೂ ಎಲ್ಲರನ್ನೂ ವಿಚಾರಿಸುತ್ತಾ ಬಂದ. ಸುಬ್ರಹ್ಮಣ್ಯನ ಎಲೆಯ ಮುಂದೆ ನಿಂತು, ಕೈಮುಗಿದು, "ಸಾವಕಾಶವಾಗಿ ಊಟ ಮಾಡಿ ಆಚಾರ್ರೇ. ಏನ್ ಬೇಕೋ ಕೇಳಿ ಹಾಕುಸ್ಕೊಳಿ," ಎಂದು ಮುಂದಕ್ಕೆ ಹೋದ.

ನಲವತ್ತಾರು ವರ್ಷದಲ್ಲಿ ನಿಂಗರಾಜು ಅವನಿಗೆ ಒಮ್ಮೆಯೂ ಬಹುವಚನ ಹಚ್ಚಿರಲಿಲ್ಲ. ಸುಬ್ರಹ್ಮಣ್ಯ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟ. ಪಕ್ಕದವರು ನೋಡುತ್ತಾರೆಂದು ಮತ್ತೆ ಎತ್ತಿಕೊಂಡು ನುಂಗಿದ.

ಈಗ ಅವನು ಕಿರಂಗೂರಿನ ಹತ್ತಿರ, ನೆಂಟ ತಿಮ್ಮರಾಜುವಿನ ಮರಗೆಲಸದ ಷೆಡ್ಡಿನಲ್ಲಿ ಬಾಗಿಲುಗಳಿಗೆ ಉಪ್ಪುಕಾಗದ ಉಜ್ಜುತ್ತಾನೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಬರುತ್ತಾನೆ. ಆ ಬಸ್ಸಿನಲ್ಲಿ ಒಮ್ಮೊಮ್ಮೆ ಊರಿನವರು ಸಿಗುತ್ತಾರೆ. ಪಕ್ಕದಲ್ಲಿ ಜಾಗ ಕೊಡುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಅವನು ಹೂಂ ಎನ್ನುತ್ತಾನೆ. ಮರದ ಪುಡಿಯಿಂದ ಕೆಮ್ಮು ಶುರುವಾಗಿದೆ. ಪಡಸಾಲೆಯಲ್ಲಿ ಅವನು ಕೂರುತ್ತಿದ್ದ ಜಾಗದಲ್ಲಿ ಹೆಂಡತಿ ಈಗ ಹಸುವಿನ ಹಿಂಡಿ ಮೂಟೆ ಇಡುತ್ತಾಳೆ.