ಅಕ್ಕನ ಜೊತೆ ಎತ್ತದ ಕೈ

ಗ್ರಾಮಸಭೆಯಲ್ಲಿ ಅಕ್ಕನ ಜೊತೆ ನಾನೂ ಕೈ ಎತ್ತಬೇಕಿತ್ತು. ಎತ್ತಲಿಲ್ಲ.

ಹೆತ್ತೂರು ಕಡೆಯ ನಮ್ಮೂರಲ್ಲಿ ಎಲ್ಲರೂ ಅಕ್ಕನನ್ನು, ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ, ಬಾಯಮ್ಮ ಅಂತಲೇ ಕರೆಯುತ್ತಾರೆ. ಯಾವ ಪಕ್ಷದವರು ಓಟು ಕೇಳಲು ಬಂದರೂ ಕೂರಿಸಿ ಕಾಫಿ ಕೊಡುತ್ತಾಳೆ. ಅವರು ಲೋಟ ಬಾಯಿಗಿಟ್ಟ ಮೇಲೆ ಕೊರಳಿನ ಜಪಮಾಲೆ ಹಿಡಿದುಕೊಂಡು, "ಬಾರಿಗೆ ಲೈಸೆನ್ಸ್ ಕೊಡೋದ್ ನಿಲ್ಸ್ತೀರಾ?" ಅನ್ನುತ್ತಾಳೆ.

"ರಸ್ತೆ ಮಾಡಿಸ್ತೀವಿ ಬಾಯಮ್ಮಾ."

"ರಸ್ತೆ ಆಗ್ಲಿ ಕಣಪ್ಪ. ಮನೆ ಒಡೀಬಾರ್ದು."

ಮದುವೆ ದೇವರು ಕೂಡಿಸಿದ್ದು, ಅದನ್ನು ಒಡೆಯುವ ಬಾಟಲಿಯಿಂದ ಸರ್ಕಾರ ದುಡ್ಡು ಮಾಡಬಾರದು. ಅವಳ ರಾಜಕೀಯ ಇಷ್ಟೇ.

ಕಳೆದ ವರ್ಷ ಎಸ್ಟೇಟಿನ ಕೂಲಿಯವರಿರುವ ಲೈನಿನ ಪಕ್ಕದಲ್ಲೇ ಬಾರ್ ತೆರೆಯಲು ಹೊರಟವನು, ನಾನು ಓಡಿಸುವ ಜೀಪಿನ ಯಜಮಾನ. ಗ್ರಾಮಸಭೆಯಲ್ಲಿ ಅಧ್ಯಕ್ಷರು, ಬಾರ್ ಬೇಡ ಅನ್ನುವವರು ಕೈ ಎತ್ತಿ ಎಂದಾಗ ಅಕ್ಕ ಎತ್ತಿ ನನ್ನ ಕಡೆ ನೋಡಿದಳು. ನಾನು ಕೈಗಳನ್ನು ಜೇಬಿಗೆ ತುರುಕಿಕೊಂಡೆ.

"ನಿಮ್ ತಮ್ಮನ್ ಕೈಯೇ ಮೇಲೆ ಬರ್ಲಿಲ್ಲ, ಊರಿಗೇನ್ ಹೇಳ್ತೀರಿ ಮಾರಾಯ್ರೇ?" ಎಂದು ಯಾರೋ ಒಬ್ಬ ಕೂಗಿದ. ಸಭೆಯೆಲ್ಲ ನಕ್ಕಿತು. ಎತ್ತಲು ಹೊರಟಿದ್ದ ಲೈನಿನ ಹೆಂಗಸರು ಕೈ ಇಳಿಸಿಬಿಟ್ಟರು. ಅಕ್ಕನ ಕೈ ಮಾತ್ರ ಇಳಿಯಲಿಲ್ಲ.

ಬಾರ್ ತೆರೆಯಿತು. ಅವತ್ತು ಸಂಜೆಯೂ ಅವಳು ಎಂದಿನಂತೆ ನನ್ನ ತಟ್ಟೆಗೆ ದೊಡ್ಡ ಮೀನನ್ನೇ ಹಾಕಿದಳು.

ಪಾದ್ರಿಯವರ ಮುಂದೆ ಪಾಪನಿವೇದನೆ ಮಾಡಿದೆ. "ಅಕ್ಕಂಗೆ ಹೇಳಿದ್ಯಾ?" ಎಂದರು.

ಮೊನ್ನೆ ಭಾನುವಾರ ಚರ್ಚಿನಲ್ಲಿ, ಪೂಜೆಯ ನಡುವೆ ಎಲ್ಲರೂ ಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ಹೊತ್ತು. ಅಕ್ಕ ನಗುತ್ತ ನನ್ನತ್ತ ತಿರುಗಿ ಕೈಮುಗಿದಳು. ಮುಂದಿನ ಬೆಂಚಿನವರಿಗೂ ಕೇಳುವ ಹಾಗೆ ನಾನು ಹೇಳಿದೆ:

"ಅವತ್ತು ನಾನೂ ಕೈ ಎತ್ಬೇಕಿತ್ತು ಕಣಕ್ಕಾ. ತಪ್ಪಾಯ್ತು."